ಹಿಂಬದಿಯ ಹಾಡುಗಳು

ಅಮೆರಿಕದ ಕಪ್ಪುಜನರ ‘ಸೋಲ್’ ಸಂಗೀತದ ಬಗೆಗೆ ಬರೆಯಿರೆಂದು ನನ್ನನ್ನು ಯಾರೂ ಕೇಳಿದವರಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ಸಮಾಜವಿಜ್ಞಾನ ಬೋಧಿಸಿದವನಿಗೂ ಮೆಂಫಿಸ್, ಡೆಟ್ರಾಯಿಟ್ ನಗರಗಳ ಹಾಡುಗಾರರಿಗೂ ಎತ್ತಣ ನಂಟು ಎಂದು ಮನೆಯವರೇ ನಗುತ್ತಾರೆ. ನಿವೃತ್ತಿಯ ತರುವಾಯ, ಆ ದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳುಹಿಸಿದ ಕೆಲವು ಹಾಡುಗಳನ್ನು ಕೇಳತೊಡಗಿದೆ. ಹಾಡು ಮುಗಿದ ಮೇಲೆ ಹಾಡಿದವರು ಯಾರು, ಅವರು ಏನಾದರು ಎಂದು ಹುಡುಕುವುದು ಇತಿಹಾಸದ ಮೇಷ್ಟರ ಚಾಳಿ. ಹಾಗೆ ಹುಡುಕುತ್ತ ಹೋದಂತೆ ಸಂಗೀತದ ವಿಷಯ ತುಸು ಹಿಂದಾಗಿ, ತರಗತಿಯಲ್ಲಿ ನಾನು ನಿಮ್ಮ ಮುಂದೆ ಅನೇಕ ಸಲ ಇಟ್ಟಿದ್ದ ಪ್ರಶ್ನೆಯೊಂದು ಮುಂದೆ ಬಂದು ನಿಂತಿತು: ಗೆದ್ದವರ ದಾಖಲೆಯನ್ನು ಅರಮನೆ ಕಾಪಾಡುತ್ತದೆ, ಸೋತವರ ದಾಖಲೆಯನ್ನು ಕಾಪಾಡುವವರು ಯಾರು?

‘ಸೋಲ್’ ಎಂದರೆ ಆತ್ಮ. ಕನ್ನಡದ ಸೋಲು ಅಲ್ಲ. ಆದರೂ ನಾನು ಹೇಳಹೊರಟಿರುವ ಕಥೆಗಳಲ್ಲಿ ನಮ್ಮ ಸೋಲಿಗೂ ಸಾಕಷ್ಟು ಜಾಗವಿದೆ. ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿಯ ಹೊಲಗಳಲ್ಲಿ ದುಡಿದ ಗುಲಾಮರ ಸಂತತಿಯವರಿಗೆ ತಮ್ಮದೆಂದು ಹೇಳಿಕೊಳ್ಳಲು ಉಳಿದಿದ್ದ ಮುಖ್ಯ ತಾಣವೆಂದರೆ ಅವರ ಚರ್ಚು. ಅಲ್ಲಿ ಹಾಡುವ ಭಕ್ತಿಗೀತೆಗಳಿಗೆ ಗಾಸ್ಪೆಲ್ ಎಂದು ಹೆಸರು. ನಮ್ಮ ಭಜನೆಗಳಲ್ಲಿ ಒಬ್ಬರು ಹೇಳಿಕೊಟ್ಟದ್ದನ್ನು ಉಳಿದವರು ಎತ್ತಿಕೊಳ್ಳುವ ಹಾಗೆ ಅಲ್ಲಿಯೂ ಒಬ್ಬ ಕರೆಯುತ್ತಾನೆ, ಸಭೆ ಓಗೊಡುತ್ತದೆ. 1954ರಲ್ಲಿ ರೇ ಚಾರ್ಲ್ಸ್ ಎಂಬ ಅಂಧ ಗಾಯಕ ಇಂಥದೊಂದು ಗೀತೆಯ ಧಾಟಿಗೆ ಪ್ರೇಮದ ಮಾತುಗಳನ್ನು ಕೂರಿಸಿ ‘ಐ ಗಾಟ್ ಎ ವುಮನ್’ ಹಾಡಿದಾಗ ಚರ್ಚಿನ ಅನೇಕ ಹಿರಿಯರು ಕೆರಳಿದರು. ದಾಸರ ಪದದ ಮಟ್ಟಿಗೆ ಶೃಂಗಾರದ ಹಾಡು ಹೊಸೆದರೆ ನಮ್ಮ ಅಜ್ಜಂದಿರು ಮುಖ ಸಿಂಡರಿಸುತ್ತಿರಲಿಲ್ಲವೆ? ಆದರೆ ಜನ ಮರುಳಾದರು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅರೀಥಾ ಫ್ರಾಂಕ್ಲಿನ್, ಓಟಿಸ್ ರೆಡ್ಡಿಂಗ್, ಮಾರ್ವಿನ್ ಗೇ ಮೊದಲಾದವರು ಜಗತ್ಪ್ರಸಿದ್ಧರಾದರು. ಅವರ ಕಥೆ ಎಲ್ಲೆಡೆ ಸಿಗುತ್ತದೆ, ಇಲ್ಲಿ ಬೇಡ.

ಪ್ರಸಿದ್ಧರಲ್ಲಿ ಒಬ್ಬನ ಹೆಸರನ್ನು ಮಾತ್ರ ಎತ್ತಲೇಬೇಕು. ಸ್ಯಾಮ್ ಕುಕ್ ಹುಟ್ಟಿದ್ದು 1931ರಲ್ಲಿ, ಮಿಸಿಸಿಪ್ಪಿ ರಾಜ್ಯದಲ್ಲಿ, ತಂದೆ ಪಾದ್ರಿ. ಗಾಸ್ಪೆಲ್ ತಂಡದಲ್ಲಿ ಹಾಡಿ ಹೆಸರಾಗಿದ್ದವನು 1957ರಲ್ಲಿ ‘ಯು ಸೆಂಡ್ ಮಿ’ ಎಂಬ ಹಾಡಿನಿಂದ ಲೌಕಿಕ ಸಂಗೀತಕ್ಕೆ ಬಂದು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ದೇಶಕ್ಕೆಲ್ಲ ಪರಿಚಿತನಾದ. 1963ರ ಜನವರಿ 12ರಂದು ಮಯಾಮಿ ನಗರದ ಕಪ್ಪುಜನರ ಕೇರಿಯಲ್ಲಿದ್ದ ಹಾರ್ಲೆಮ್ ಸ್ಕ್ವೇರ್ ಕ್ಲಬ್ಬಿನಲ್ಲಿ ಆತ ಹಾಡಿದ್ದನ್ನು ಆರ್‌ಸಿಎ ಕಂಪನಿ ಧ್ವನಿಮುದ್ರಿಸಿಕೊಂಡಿತು. ಮುದ್ರಣವನ್ನು ಕೇಳಿದ ಕಂಪನಿಯವರಿಗೆ ದಿಗಿಲಾಯಿತು. ಅವರು ಮಾರುತ್ತಿದ್ದ ಕುಕ್ ರೇಷ್ಮೆಯ ಕಂಠದ ಸೌಮ್ಯ ಯುವಕ. ಬಿಳಿಯರ ಮನೆಯ ಹಜಾರದಲ್ಲಿ ನಿಶ್ಚಿಂತೆಯಿಂದ ಕೇಳಬಹುದಾದವನು. ಇಲ್ಲಿರುವವನು ಗಂಟಲು ಹರಿಯುವಂತೆ ಕೂಗುತ್ತಾನೆ, ಸಭಿಕರನ್ನು ಕರೆಕರೆದು ಹಾಡಿಸುತ್ತಾನೆ; ಚರ್ಚಿನ ಆವೇಶವೆಲ್ಲ ಮೈಮೇಲೆ ಬಂದಂತಿದೆ. ಟೇಪು ಕಪಾಟಿಗೆ ಹೋಯಿತು. ಮರುವರ್ಷ ನ್ಯೂಯಾರ್ಕಿನ ಕೋಪಕಬಾನಾದಲ್ಲಿ ಬಿಳಿಯ ಶ್ರೀಮಂತರೆದುರು ಆತ ಹಾಡಿದ್ದು ಮಾತ್ರ ಬೇಗನೆ ಮಾರುಕಟ್ಟೆಗೆ ಬಂತು. 1964ರ ಡಿಸೆಂಬರ್ 11ರಂದು ಲಾಸ್ ಏಂಜಲೀಸಿನಲ್ಲಿ ಕುಕ್ ಗುಂಡೇಟಿಗೆ ಬಲಿಯಾದ, ವಯಸ್ಸು ಮೂವತ್ತಮೂರು. ಮಯಾಮಿಯ ಟೇಪು ಹೊರಬಂದದ್ದು 1985ರಲ್ಲಿ, ಹಾಡಿ ಇಪ್ಪತ್ತೆರಡು ವರ್ಷಗಳ ಮೇಲೆ. ಎರಡನ್ನೂ ಒಂದಾದ ಮೇಲೊಂದು ಕೇಳಿದರೆ, ಒಬ್ಬನೇ ಮನುಷ್ಯ ಎರಡು ಭಾಷೆಗಳಲ್ಲಿ ಮಾತಾಡಿದಂತೆ ತೋರುತ್ತದೆ. ಎರಡು ದಶಕಗಳ ಕಾಲ ಜಗತ್ತಿಗೆ ಒಂದೇ ಭಾಷೆ ಗೊತ್ತಿತ್ತು.

ಆತನ ಇನ್ನೊಂದು ಹಾಡನ್ನೂ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 1963ರ ಅಕ್ಟೋಬರಿನಲ್ಲಿ ಲೂಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್ ಊರಿನಲ್ಲಿ ವಸತಿಗೃಹವೊಂದು ಕುಕ್ ಮತ್ತು ಸಂಗಡಿಗರಿಗೆ ಕೋಣೆ ನಿರಾಕರಿಸಿತು. ಪ್ರತಿಭಟಿಸಿದ ತಪ್ಪಿಗೆ ಆತನನ್ನು ಬಂಧಿಸಲಾಯಿತು. ಕೆಲವೇ ತಿಂಗಳಲ್ಲಿ ಆತ ‘ಎ ಚೇಂಜ್ ಈಸ್ ಗಾನಾ ಕಮ್’ ಹಾಡಿದ. ಕಾಲ ಬದಲಾದೀತು ಎಂಬುದು ಅದರ ಆಶಯ. ಆತ ಸತ್ತ ಮೇಲೆ ಅದು ಬಿಡಿ ರೆಕಾರ್ಡಾಗಿ ಹೊರಬಂದಾಗ ಕಂಪನಿ ಅದನ್ನು ಹಾಕಿದ್ದು ಹಿಂಬದಿಗೆ. ಮುಂಬದಿಯಲ್ಲಿ ‘ಶೇಕ್’ ಎಂಬ ಕುಣಿತದ ಹಾಡು. ಅಲ್ಲದೆ, ವರ್ಣಭೇದವನ್ನು ನೇರವಾಗಿ ಮುಟ್ಟುವ ಚರಣವೊಂದನ್ನು ಬಿಡಿ ರೆಕಾರ್ಡಿನಿಂದ ಕತ್ತರಿಸಿಯೂ ಆಗಿತ್ತು.

ಮುಂಬದಿ, ಹಿಂಬದಿ ಎಂದರೆ ಈಗಿನ ಮಕ್ಕಳಿಗೆ ತಿಳಿಯಲಿಕ್ಕಿಲ್ಲ. ನಮ್ಮ ಮನೆಗಳ ಗ್ರಾಮಫೋನು ತಟ್ಟೆಯಂತೆಯೇ ಅಲ್ಲಿನ ಏಳು ಅಂಗುಲದ ಚಿಕ್ಕ ತಟ್ಟೆಗೂ ಎರಡು ಮುಖ. ನಿಮಿಷಕ್ಕೆ 45 ಸುತ್ತು, ಒಂದು ಮುಖಕ್ಕೆ ಮೂರು ನಿಮಿಷದ ಒಂದು ಹಾಡು. ರೇಡಿಯೋದವರು ನುಡಿಸಲಿ ಎಂಬ ಹಾಡು ಮುಂಬದಿಗೆ; ತಟ್ಟೆ ಬರಿದಾಗಬಾರದು ಎಂದು ಹಾಕಿದ್ದು ಹಿಂಬದಿಗೆ. ಅರವತ್ತರ ದಶಕದಲ್ಲಿ ಅಮೆರಿಕದ ದೊಡ್ಡ ಊರುಗಳಲ್ಲೆಲ್ಲ ಇಂಥ ತಟ್ಟೆಗಳನ್ನು ಹೊರಡಿಸುವ ಚಿಕ್ಕಪುಟ್ಟ ಕಂಪನಿಗಳಿದ್ದವು. ಕೆಲವು ನೂರೋ ಸಾವಿರವೋ ಪ್ರತಿ ಅಚ್ಚು ಹಾಕಿಸಿ, ಕಾರಿನ ಹಿಂದುಗಡೆ ಹೇರಿಕೊಂಡು ರೇಡಿಯೋ ಕೇಂದ್ರಗಳ ಬಾಗಿಲಿಗೆ ಅಲೆಯುವುದು. ರೇಡಿಯೋದವರು ಎರಡು ವಾರ ನುಡಿಸದಿದ್ದರೆ ಹಾಡಿನ ಆಯುಷ್ಯ ಮುಗಿಯಿತು. ನುಡಿಸಿದರೂ ಕಷ್ಟವೇ: ಬೇಡಿಕೆಗೆ ತಕ್ಕಂತೆ ಅಚ್ಚು ಹಾಕಿಸಲು ಕೈಯಲ್ಲಿ ಹಣವಿಲ್ಲ, ಮಾರಿದ ತಟ್ಟೆಯ ಹಣವನ್ನು ವಿತರಕರು ಕೊಡುವುದು ತಡ. ಹೀಗೆ ಸೊಗಸಾದ ಹಾಡುಗಳೂ ಕಳಪೆ ಹಾಡುಗಳೂ ಒಂದೇ ಗೋದಾಮಿನಲ್ಲಿ ಧೂಳು ತಿನ್ನುತ್ತ ಬಿದ್ದವು. ಆಮೇಲೆ ರದ್ದಿಯ ಬೆಲೆಗೆ ಹೋದವು.

ಇಲ್ಲಿಂದ ಕಥೆ ಅಟ್ಲಾಂಟಿಕ್ ಸಾಗರವನ್ನು ದಾಟುತ್ತದೆ. ಆ ರದ್ದಿಯನ್ನು ಬಯಸಿ ಬಂದವರು ಇಂಗ್ಲೆಂಡಿನ ಉತ್ತರ ಭಾಗದ ಕಾರ್ಖಾನೆಯ ಹುಡುಗರು ಎಂಬುದು ಈ ಚರಿತ್ರೆಯ ಅತ್ಯಂತ ವಿಚಿತ್ರವಾದ ಅಧ್ಯಾಯ. ಮ್ಯಾಂಚೆಸ್ಟರ್ ಮತ್ತು ಲ್ಯಾಂಕಾಶೈರ್ ಹೆಸರುಗಳನ್ನು ನೀವು ಎಂಟನೆಯ ತರಗತಿಯಿಂದಲೂ ಬಲ್ಲಿರಿ. ನಮ್ಮ ನೇಕಾರರ ಮಗ್ಗಗಳನ್ನು ನಿಲ್ಲಿಸಿದ ಗಿರಣಿಗಳ ಸೀಮೆ ಅದು. ಆ ಗಿರಣಿಗಳನ್ನು ಉಣಿಸಿದ ಹತ್ತಿಯನ್ನು ಬಿಡಿಸಿದ್ದು ಅಮೆರಿಕದ ಗುಲಾಮರು. ಅದೇ ಹೊಲಗಳ ಮೊಮ್ಮಕ್ಕಳ ಹಾಡಿಗೆ ಅದೇ ಗಿರಣಿಗಳ ಮೊಮ್ಮಕ್ಕಳು ಕುಣಿದರು ಎಂಬುದನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ.

ಮ್ಯಾಂಚೆಸ್ಟರಿನಲ್ಲಿ ಟ್ವಿಸ್ಟೆಡ್ ವೀಲ್ ಎಂಬ ಕ್ಲಬ್ಬು ಅರವತ್ತರ ದಶಕದಲ್ಲಿಯೇ ಹೆಸರಾಗಿತ್ತು. ಅರವತ್ತರ ಕೊನೆಯ ವೇಳೆಗೆ ಅಮೆರಿಕದ ಸಂಗೀತ ನಿಧಾನ ಲಯದ, ಬಿರುಸಾದ ಗಿಟಾರಿನ ‘ಫಂಕ್’ ಕಡೆಗೆ ಹೊರಳಿತು. ಲಂಡನ್ನಿನ ರಸಿಕರೂ ಅದರ ಬೆನ್ನು ಹಿಡಿದರು. ಉತ್ತರದವರು ಮಾತ್ರ ಒಪ್ಪಲಿಲ್ಲ. ಕಾಲಿಗೆ ಕಸುವು ಕೊಡುವ 1965-66ರ ಗಟ್ಟಿ ತಾಳದ ಹಾಡುಗಳೇ ಅವರಿಗೆ ಬೇಕು. ಡೇವ್ ಗಾಡಿನ್ ಎಂಬಾತ ಲಂಡನ್ನಿನಲ್ಲಿ ಸೋಲ್ ರೆಕಾರ್ಡುಗಳ ಅಂಗಡಿ ನಡೆಸುತ್ತಿದ್ದ. ಫುಟ್‌ಬಾಲ್ ಪಂದ್ಯ ನೋಡಲು ಉತ್ತರದಿಂದ ಬಂದ ಹುಡುಗರು ಅಂಗಡಿಗೆ ನುಗ್ಗಿ ಹಳೆಯ ಹಾಡುಗಳನ್ನೇ ಕೇಳುವುದನ್ನು ಕಂಡು, ಅವರಿಗಾಗಿ ಇಂಥವನ್ನು ಬೇರೆ ಇಡಿ ಎಂದು ಕೆಲಸದವರಿಗೆ ಗುರುತು ಹೇಳಲು ‘ನಾರ್ದರ್ನ್ ಸೋಲ್’, ಅಂದರೆ ಉತ್ತರದ ಸೋಲ್, ಎಂಬ ಮಾತನ್ನು ಬಳಸಿದ. 1970ರಲ್ಲಿ ಪತ್ರಿಕೆಯೊಂದರ ಅಂಕಣದಲ್ಲಿ ಬರೆದದ್ದೇ ತಡ, ಹೆಸರು ನಿಂತುಬಿಟ್ಟಿತು. ಹಾಡಿದವರು ಅಮೆರಿಕದವರು, ಅವರಿಗೆ ಈ ಹೆಸರಿನ ಸುಳಿವೇ ಇಲ್ಲ!

1973ರ ಸೆಪ್ಟೆಂಬರಿನಲ್ಲಿ ವಿಗನ್ ಎಂಬ ಗಣಿ-ಗಿರಣಿಗಳ ಊರಿನ ಹಳೆಯ ನೃತ್ಯಮಂದಿರದಲ್ಲಿ, ವಿಗನ್ ಕ್ಯಾಸಿನೋದಲ್ಲಿ, ಇಡೀ ರಾತ್ರಿಯ ಕುಣಿತ ಆರಂಭವಾಯಿತು. ಹೆಸರು ಕ್ಯಾಸಿನೋ ಆದರೂ ಜೂಜಿಲ್ಲ, ಮದ್ಯವೂ ಇಲ್ಲ. (ನಿದ್ರೆ ಓಡಿಸುವ ಮಾತ್ರೆಗಳು ಓಡಾಡುತ್ತಿದ್ದವು ಎಂಬುದನ್ನೂ ಹೇಳದಿದ್ದರೆ ಸತ್ಯಕ್ಕೆ ಅಪಚಾರ.) ವಾರವಿಡೀ ಯಂತ್ರದ ಮುಂದೆ ನಿಂತವರು ಶನಿವಾರ ನಡುರಾತ್ರಿಯ ಮೇಲೆ ಒಳಹೊಕ್ಕು, ಕಾಲು ಜಾರಲೆಂದು ನೆಲಕ್ಕೆ ಪೌಡರು ಚೆಲ್ಲಿ, ಭಾನುವಾರ ಬೆಳಗಿನ ಎಂಟರವರೆಗೆ ಕುಣಿಯುತ್ತಿದ್ದರು. ಕುಣಿಸುವವನು, ಅಂದರೆ ರೆಕಾರ್ಡು ನುಡಿಸುವ ಡಿಜೆ, ಬೇರೆಲ್ಲೂ ಸಿಗದ ತಟ್ಟೆಯನ್ನು ತಂದರೆ ಅವನಿಗೆ ಮನ್ನಣೆ. ಹೀಗಾಗಿ ಡಿಜೆಗಳು ಅಮೆರಿಕಕ್ಕೆ ಹೋಗಿ, ಗೋದಾಮುಗಳಲ್ಲಿ ದಿನಗಟ್ಟಲೆ ಕುಳಿತು, ಸೋತ ಹಾಡುಗಳ ರಾಶಿಯನ್ನು ಕೆದಕಿದರು.

ರಿಚರ್ಡ್ ಸರ್ಲಿಂಗ್ ಎಂಬ ಡಿಜೆ 1973ರಲ್ಲಿ ಹಾಗೆ ಹೋಗಿದ್ದಾಗ ಗ್ಲೋರಿಯಾ ಜೋನ್ಸ್ ಎಂಬಾಕೆಯ 1965ರ ತಟ್ಟೆಯೊಂದನ್ನು ತಂದ. ಮುಂಬದಿಯ ಹಾಡು ಯಾರಿಗೂ ನೆನಪಿಲ್ಲ. ಹಿಂಬದಿಯಲ್ಲಿದ್ದದ್ದು ‘ಟೇಂಟೆಡ್ ಲವ್’. ಎಡ್ ಕಾಬ್ ಬರೆದದ್ದು. ಅಮೆರಿಕದಲ್ಲಿ ಮಣ್ಣುಪಾಲಾಗಿದ್ದ ಆ ಹಾಡು ಉತ್ತರ ಇಂಗ್ಲೆಂಡಿನ ಕುಣಿತದ ಮನೆಗಳಲ್ಲಿ ಪೂಜೆಗೊಂಡಿತು. ಅದನ್ನು ಕೇಳಿ ಬೆಳೆದ ಮಾರ್ಕ್ ಆಲ್ಮಂಡನ ‘ಸಾಫ್ಟ್ ಸೆಲ್’ ಜೋಡಿ 1981ರಲ್ಲಿ ಅದನ್ನು ಹೊಸದಾಗಿ ಹಾಡಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ಹಾಡನ್ನು ಬೇರೆಯವರು ಮತ್ತೆ ಹಾಡಿದಾಗ ಸಂಭಾವನೆ ಸಲ್ಲುವುದು ಬರೆದವನಿಗೆ. ಮೊದಲು ಹಾಡಿದಾಕೆಗೆ ಏನೂ ಇಲ್ಲ. ಅಮೆರಿಕದ ಸಾಮಾನ್ಯ ರೇಡಿಯೋ ಕೇಂದ್ರಗಳಂತೂ ಮೂಲ ತಟ್ಟೆಯನ್ನೇ ನುಡಿಸಿದರೂ ಇಂದಿಗೂ ಹಣ ಕೊಡುವುದು ರಚನೆಕಾರನಿಗೆ ಮತ್ತು ಪ್ರಕಾಶಕರಿಗೆ ಮಾತ್ರ; ಗಾಯಕರಿಗೆ ಕೊಡಬೇಕೆಂಬ ಕಾನೂನಿಲ್ಲ. ಪದ ಬರೆದವನಿಗೆ ಬೆಲೆಯಿದೆ, ಅದಕ್ಕೆ ಉಸಿರು ಕೊಟ್ಟವಳಿಗಿಲ್ಲ. ಇದು ನನಗೆ ಇನ್ನೂ ಜೀರ್ಣವಾಗದ ಸಂಗತಿ.

ಇನ್ನೊಂದು ತಟ್ಟೆಯ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಡೆಟ್ರಾಯಿಟಿನ ಮೋಟೌನ್ ಕಂಪನಿಯ ಫ್ರಾಂಕ್ ವಿಲ್ಸನ್ 1965ರಲ್ಲಿ ‘ಡೂ ಐ ಲವ್ ಯು’ ಎಂಬ ಹಾಡನ್ನು ತಾನೇ ಬರೆದು ಹಾಡಿದ. ಪರೀಕ್ಷಾರ್ಥವಾಗಿ ಸುಮಾರು 250 ಪ್ರತಿಗಳ ಅಚ್ಚಾಯಿತಂತೆ. ಬಿಡುಗಡೆ ಆಗಲಿಲ್ಲ. ಆತ ಗಾಯನವನ್ನು ಬಿಟ್ಟು ಇತರರ ಹಾಡುಗಳನ್ನು ನಿರ್ಮಿಸುವ ಕಾಯಕಕ್ಕೆ ನಿಂತ. ಅಚ್ಚಾದ ಪ್ರತಿಗಳು ಬಹುತೇಕ ನಾಶವಾದವು. ಉಳಿದವು ಕೈಬೆರಳೆಣಿಕೆಯಷ್ಟು. ಎಪ್ಪತ್ತರ ದಶಕದಲ್ಲಿ ಒಂದು ಹೇಗೋ ಇಂಗ್ಲೆಂಡಿಗೆ ಬಂದು ವಿಗನ್ನಿನಲ್ಲಿ ನುಡಿಯಿತು, ಆದರೆ ಬೇರೆ ಹೆಸರಿನಲ್ಲಿ! ಎದುರಾಳಿ ಡಿಜೆಗಳಿಗೆ ಗುಟ್ಟು ತಿಳಿಯಬಾರದೆಂದು ತಟ್ಟೆಯ ನಡುವಿನ ಚೀಟಿಯನ್ನು ಮುಚ್ಚಿ ಸುಳ್ಳು ಹೆಸರು ಹೇಳುವ ಪದ್ಧತಿ ಅವರಲ್ಲಿತ್ತು. ಹಾಗಾಗಿ ಕುಣಿದವರು ಬಹುಕಾಲ ಹಾಡಿದವನು ಎಡ್ಡಿ ಫಾಸ್ಟರ್ ಎಂದೇ ನಂಬಿದ್ದರು. ಶಾಸನದ ಮೇಲೆ ಬೇರೆ ರಾಜನ ಹೆಸರು ಕೆತ್ತಿದಂತೆ ಇದು. ಇತಿಹಾಸದ ಮೇಷ್ಟರಿಗೆ ಸಹಿಸಲಾಗದ ಅಪರಾಧ. ಆದರೆ ಅದೇ ಜನ ಆ ಹಾಡನ್ನು ಉಳಿಸಿದರು ಎಂಬುದೂ ನಿಜ. 1981ರ ಡಿಸೆಂಬರಿನಲ್ಲಿ ವಿಗನ್ ಕ್ಯಾಸಿನೋ ಮುಚ್ಚಿದ ಕೊನೆಯ ಬೆಳಗು ಜನ ಮನೆಗೆ ಹೋಗಲೊಪ್ಪದೆ ನಿಂತಾಗ ಕಟ್ಟಕಡೆಗೆ ನುಡಿಸಿದ್ದು ಇದನ್ನೇ. ಮೂಲಪ್ರತಿಯೊಂದು 2009ರಲ್ಲಿ 25,742 ಪೌಂಡಿಗೆ, 2020ರಲ್ಲಿ ಲಕ್ಷ ಪೌಂಡಿಗೆ ಮಾರಾಟವಾಯಿತು. ಅಷ್ಟರಲ್ಲಿ ವಿಲ್ಸನ್ ಸಂಗೀತೋದ್ಯಮವನ್ನೇ ತೊರೆದು ಧರ್ಮಬೋಧಕನಾಗಿ, 2012ರಲ್ಲಿ ತೀರಿಕೊಂಡಿದ್ದ.

ಬೆಲೆಯ ಮಾತು ಬಂದದ್ದರಿಂದ ಒಂದು ತಕರಾರನ್ನೂ ದಾಖಲಿಸುತ್ತೇನೆ. ವಿರಳವಾದದ್ದೆಲ್ಲ ಸರಸವಲ್ಲ. ನಾಣ್ಯ ಸಂಗ್ರಹಿಸುವವರ ಹಾಗೆ ತಟ್ಟೆ ಸಂಗ್ರಹಿಸುವವರೂ ‘ಎಷ್ಟು ಉಳಿದಿವೆ’ ಎಂಬುದನ್ನೇ ಗುಣವೆಂದು ಭಾವಿಸುವುದುಂಟು. ಉತ್ತರದ ಸೋಲ್ ಎಂದು ಹೆಸರಾದ ಹಾಡುಗಳಲ್ಲಿ ನಾನು ಕೇಳಿದ ಎಷ್ಟೋ ಹಾಡುಗಳು ಅಂದಿನ ಜನಪ್ರಿಯ ಹಾಡುಗಳ ಸಪ್ಪೆ ನಕಲುಗಳು. ಅವು ಸೋತದ್ದರಲ್ಲಿ ಅನ್ಯಾಯವೇನೂ ನಡೆದಿಲ್ಲ. ಗಾಡಿನ್‌ಗೂ ಈ ಎಚ್ಚರವಿತ್ತೆಂದು ಕಾಣುತ್ತದೆ. ಕುಣಿತಕ್ಕೆ ಒದಗದ, ಎದೆಯ ಆಳದಿಂದ ಬಂದ ನಿಧಾನದ ಹಾಡುಗಳಿಗೆ ಆತ ‘ಡೀಪ್ ಸೋಲ್’ ಎಂಬ ಇನ್ನೊಂದು ಹೆಸರಿಟ್ಟು, 1997ರಿಂದ ಅಂಥವನ್ನು ಆಯ್ದು ನಾಲ್ಕು ಸಂಪುಟಗಳ ಸಿ.ಡಿ. ಮಾಲೆಯಾಗಿ ಹೊರತಂದ. 2004ರಲ್ಲಿ ತೀರಿಕೊಂಡ. ನನ್ನ ಮನಸ್ಸಿಗೆ ಹತ್ತಿರವಾದದ್ದು ಈ ಎರಡನೆಯ ಬಗೆ. ಅದರ ತವರು ಟೆನ್ನೆಸಿ ರಾಜ್ಯದ ಮೆಂಫಿಸ್ ಮತ್ತು ಅದರ ಆಸುಪಾಸು.

ಮೆಂಫಿಸಿನಲ್ಲಿ ಕ್ವಿಂಟನ್ ಕ್ಲಾಂಚ್ ಎಂಬ ಬಿಳಿಯ 1964ರಲ್ಲಿ ಜೊತೆಗಾರನೊಬ್ಬನೊಂದಿಗೆ ಗೋಲ್ಡ್‌ವ್ಯಾಕ್ಸ್ ಎಂಬ ಪುಟ್ಟ ಕಂಪನಿ ತೆರೆದಿದ್ದ. ಒಂದು ನಡುರಾತ್ರಿ ಆತನ ಮನೆಯ ಬಾಗಿಲು ಬಡಿದ ಸದ್ದು. ತೆರೆದರೆ ಮೂವರು ಕಪ್ಪುಜನ, ಕೈಯಲ್ಲೊಂದು ಟೇಪ್ ರೆಕಾರ್ಡರು. ಒಬ್ಬ ರೂಸ್‌ವೆಲ್ಟ್ ಜೇಮಿಸನ್, ರಕ್ತನಿಧಿಯೊಂದರಲ್ಲಿ ಕೆಲಸ ಮಾಡುತ್ತಿದ್ದವನು. ಉಳಿದಿಬ್ಬರು ಆತ ಕರೆತಂದ ಹಾಡುಗಾರರು, ಜೇಮ್ಸ್ ಕಾರ್ ಮತ್ತು ಓ. ವಿ. ರೈಟ್. ಕ್ಲಾಂಚ್ ಅವರನ್ನು ಒಳಗೆ ಕರೆದ. ನಾಲ್ವರೂ ನಡುಮನೆಯ ನೆಲದ ಮೇಲೆ ಕುಳಿತು ಟೇಪು ಕೇಳಿದರು. ಆ ಕಾಲದ ದಕ್ಷಿಣದಲ್ಲಿ ಇದೆಂಥ ದೃಶ್ಯ ಎಂಬುದನ್ನು, ವರ್ಣಭೇದದ ಪಾಠ ಓದಿದ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ರೈಟ್ ಹಾಡಿದ, ಜೇಮಿಸನ್ ಬರೆದ ‘ದಟ್ಸ್ ಹೌ ಸ್ಟ್ರಾಂಗ್ ಮೈ ಲವ್ ಈಸ್’ ಆ ವರ್ಷವೇ ಹೊರಬಂತು. ಕೂಡಲೇ ಓಟಿಸ್ ರೆಡ್ಡಿಂಗ್ ಅದನ್ನು ಹಾಡಿದ. ಜನರಿಗೆ ಅದು ರೆಡ್ಡಿಂಗನ ಹಾಡಾಗಿ ಉಳಿಯಿತು. ರೈಟ್ ಗಾಸ್ಪೆಲ್ ಹಾಡುತ್ತಿದ್ದಾಗ ಮಾಡಿಕೊಂಡಿದ್ದ ಹಳೆಯ ಕರಾರನ್ನು ಮುಂದಿಟ್ಟು ಹ್ಯೂಸ್ಟನ್ನಿನ ಕಂಪನಿಯೊಂದು ಆತನನ್ನೂ ಎಳೆದೊಯ್ದಿತು. 1980ರಲ್ಲಿ ನಲವತ್ತೊಂದರ ವಯಸ್ಸಿನಲ್ಲಿ ಸತ್ತಾಗ ಆತನ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. ಆತನನ್ನು ಕಣ್ಣಾರೆ ಕಂಡಿರದ ಅಭಿಮಾನಿಗಳು ಹಣ ಕೂಡಿಸಿ ಕಲ್ಲು ನಿಲ್ಲಿಸಿದ್ದು 2008ರಲ್ಲಿ.

ಜೇಮ್ಸ್ ಕಾರ್‌ನದು ಇನ್ನೂ ನೋವಿನ ಕಥೆ. ಪಾದ್ರಿಯ ಮಗ, ಓದುಬರಹ ಬಾರದವನು. 1966ರಲ್ಲಿ ನ್ಯಾಶ್‌ವಿಲ್ ನಗರದಲ್ಲಿ ಇಸ್ಪೀಟು ಆಟದ ಬಿಡುವಿನಲ್ಲಿ ಡ್ಯಾನ್ ಪೆನ್ ಮತ್ತು ಚಿಪ್ಸ್ ಮೋಮನ್ ಎಂಬಿಬ್ಬರು ಹಾಡು ಬರೆಯಲು ಜಾಗ ಹುಡುಕಿದಾಗ, ಹಾಡು ತನ್ನ ಕಾರ್‌ನಿಗೇ ಕೊಡಬೇಕು ಎಂಬ ಷರತ್ತಿನ ಮೇಲೆ ಕ್ಲಾಂಚ್ ತನ್ನ ಹೋಟೆಲ್ ಕೋಣೆಯನ್ನು ಬಿಟ್ಟುಕೊಟ್ಟನಂತೆ. ಸುಮಾರು ಅರ್ಧ ಗಂಟೆಯಲ್ಲಿ ಹುಟ್ಟಿದ ಆ ಹಾಡೇ ‘ದ ಡಾರ್ಕ್ ಎಂಡ್ ಆಫ್ ದ ಸ್ಟ್ರೀಟ್’. ಬೀದಿಯ ಕತ್ತಲ ತುದಿಯಲ್ಲಿ ಕದ್ದು ಸೇರುವ ಇಬ್ಬರ ಪಾಪಭೀತಿ ಅದರ ವಸ್ತು. ಅರೀಥಾ ಮೊದಲಾಗಿ ಅದನ್ನು ಹಾಡದವರಿಲ್ಲ. ಉಳಿದವರು ಹಾಡಿದಾಗ ನಮಗೆ ಒಂದು ಕಥೆ ಕೇಳಿಸುತ್ತದೆ. ಕಾರ್ ಹಾಡಿದಾಗ ಸಿಕ್ಕಿಬಿದ್ದವನ ಉಸಿರು ಕೇಳಿಸುತ್ತದೆ. ಆದರೆ ಮನೋವ್ಯಾಧಿ ಆತನನ್ನು ಬಿಡಲಿಲ್ಲ. ಸ್ಟುಡಿಯೋದಲ್ಲಿ ಮೈಕಿನ ಮುಂದೆ ಗಂಟೆಗಟ್ಟಲೆ ಮೂಕನಾಗಿ ಕುಳಿತುಬಿಡುತ್ತಿದ್ದ. 1969ರ ಹೊತ್ತಿಗೆ ಗೋಲ್ಡ್‌ವ್ಯಾಕ್ಸ್ ಮುಚ್ಚಿತು. ಹತ್ತು ವರ್ಷಗಳ ಮೇಲೆ, ಆತನ ಹಾಡುಗಳನ್ನು ಆರಾಧಿಸುತ್ತಿದ್ದ ಜಪಾನಿನ ರಸಿಕರು ಕರೆಸಿಕೊಂಡರು. 1979ರ ಆ ಪ್ರವಾಸದ ಒಂದು ಸಂಜೆ ತುಂಬಿದ ಸಭೆಯೆದುರು ಆತ ಸ್ತಬ್ಧನಾಗಿ ನಿಂತುಬಿಟ್ಟ. ಹುಡುಕಿಕೊಂಡು ಬಂದವರಿದ್ದರು, ಸಿಕ್ಕವನಿಗೆ ಸ್ವೀಕರಿಸುವ ಚೈತನ್ಯ ಉಳಿದಿರಲಿಲ್ಲ. 2001ರ ಜನವರಿಯಲ್ಲಿ ಮೆಂಫಿಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ.

ಅದೇ ತಿಂಗಳ ಮೊದಲ ದಿನ ಇನ್ನೊಬ್ಬ ಸಿಕ್ಕಿದ. ಹೋವರ್ಡ್ ಟೇಟ್ 1966-67ರಲ್ಲಿ ಫಿಲಡೆಲ್ಫಿಯಾದಿಂದ ಬಂದು ‘ಗೆಟ್ ಇಟ್ ವೈಲ್ ಯು ಕ್ಯಾನ್’ ಹಾಡಿದವನು. ಜಾನಿಸ್ ಜಾಪ್ಲಿನ್ ಮತ್ತೆ ಹಾಡಿ ಅದನ್ನು ಪ್ರಸಿದ್ಧಗೊಳಿಸಿದಳು. ಹಣ ಕಾಣದ ಟೇಟ್ ಎಪ್ಪತ್ತರ ದಶಕದಲ್ಲಿ ಸಂಗೀತ ಬಿಟ್ಟು ವಿಮೆ ಮಾರಿದ. ಬೆಂಕಿ ಆಕಸ್ಮಿಕದಲ್ಲಿ ಮಗಳು ಸತ್ತಳು, ಸಂಸಾರ ಒಡೆಯಿತು. ಮಾದಕ ವ್ಯಸನಕ್ಕೆ ಬಿದ್ದು ಬೀದಿಯಲ್ಲಿ ಮಲಗಿದ. ಆಮೇಲೆ ದೈವಭಕ್ತಿಗೆ ತಿರುಗಿ ಧರ್ಮಬೋಧಕನಾದ. ಇತ್ತ ಆತನ ಹಳೆಯ ಹಾಡುಗಳ ಸಿ.ಡಿ. ಬಂದಾಗ ಆತ ಬದುಕಿದ್ದಾನೆಯೇ ಎಂಬುದು ಅಭಿಮಾನಿಗಳಿಗೆ ತಿಳಿಯದು. ನ್ಯೂಜೆರ್ಸಿಯ ರೇಡಿಯೋದವನೊಬ್ಬ ಆತನ ಸುಳಿವಿಗಾಗಿ ಕೇಳುತ್ತಲೇ ಇದ್ದ. 2001ರ ಹೊಸವರ್ಷದ ದಿನ ಹಳೆಯ ಪರಿಚಯದ ಗಾಯಕನೊಬ್ಬ ಕಿರಾಣಿ ಅಂಗಡಿಯಲ್ಲಿ ಟೇಟ್‌ನನ್ನು ಗುರುತಿಸಿ, ‘ನಿನ್ನನ್ನು ಜನ ಹುಡುಕುತ್ತಿದ್ದಾರೆ ಗೊತ್ತೆ’ ಎಂದನಂತೆ. 2003ರಲ್ಲಿ ಹೊಸ ಆಲ್ಬಮ್ ಬಂತು. ‘ರೀಡಿಸ್ಕವರ್ಡ್’ ಎಂದೇ ಅದರ ಹೆಸರು. 2011ರಲ್ಲಿ ತೀರಿಕೊಳ್ಳುವವರೆಗೆ ಸುಮಾರು ಹತ್ತು ವರ್ಷ ಮತ್ತೆ ಹಾಡಿದ.

ಇವರೆಲ್ಲರಲ್ಲಿ ನನಗೆ ಅತ್ಯಂತ ಪ್ರಿಯಳಾದವಳು ಬೆಟ್ಟಿ ಲಾವೆಟ್. 1946ರಲ್ಲಿ ಮಿಶಿಗನ್ ರಾಜ್ಯದಲ್ಲಿ ಹುಟ್ಟಿ ಡೆಟ್ರಾಯಿಟಿನಲ್ಲಿ ಬೆಳೆದವಳು. ಈ ಸಾಲಿನಲ್ಲಿ ಚರ್ಚಿನಿಂದ ಬಾರದ ಅಪರೂಪದ ಕಂಠ ಈಕೆಯದು. ಹದಿನಾರರ ವಯಸ್ಸಿನಲ್ಲಿ, 1962ರಲ್ಲಿ, ಮೊದಲ ತಟ್ಟೆ ಬಂದು ಗೆದ್ದಿತು. 1965ರಲ್ಲಿ ‘ಲೆಟ್ ಮಿ ಡೌನ್ ಈಸಿ’. ಅದರ ಮೇಲೆ ವರ್ಷಗಟ್ಟಲೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ಅಲೆದಾಟ. 1972ರಲ್ಲಿ ಅಟ್ಲಾಂಟಿಕ್ ಕಂಪನಿ ಆಕೆಯನ್ನು ಅಲಬಾಮಾ ರಾಜ್ಯದ ಮಸಲ್ ಶೋಲ್ಸ್ ಎಂಬ ಚಿಕ್ಕ ಊರಿಗೆ ಕಳುಹಿಸಿ ‘ಚೈಲ್ಡ್ ಆಫ್ ದ ಸೆವೆಂಟೀಸ್’ ಎಂಬ ಪೂರ್ಣ ಆಲ್ಬಮ್ ಮುದ್ರಿಸಿತು. ಪ್ರಚಾರ ಪ್ರವಾಸದ ಸಿದ್ಧತೆಯೂ ಆಗಿತ್ತು. ಆಗ ಫೋನು ಬಂತು: ಆಲ್ಬಮ್ ಹೊರಡಿಸುವುದಿಲ್ಲ. ತಾನು ಊಟದ ಮೇಜಿನ ಕೆಳಗೆ ಹೊಕ್ಕು ಹೊರಬರಲೊಲ್ಲದೆ ಕುಳಿತಿದ್ದೆ ಎಂದು ಆಕೆ ಮುಂದೆ ಹೇಳಿಕೊಂಡಿದ್ದಾಳೆ. ಆಗ ಆಕೆಗೆ ಇಪ್ಪತ್ತಾರು.

ಬಿಡಲಿಲ್ಲ. ಸಂಗೀತ ನಾಟಕದ ಕಂಪನಿಯೊಂದಿಗೆ ಊರೂರು ತಿರುಗಿದಳು. ಡೆಟ್ರಾಯಿಟಿನ ಚಿಕ್ಕಪುಟ್ಟ ಕ್ಲಬ್ಬುಗಳಲ್ಲಿ ಹಾಡಿದಳು. ಈ ನಡುವೆ 1978ರ ಫೆಬ್ರವರಿಯಲ್ಲಿ ನ್ಯೂಜೆರ್ಸಿಯಲ್ಲಿದ್ದ ಅಟ್ಲಾಂಟಿಕ್ ಉಗ್ರಾಣಕ್ಕೆ ಬೆಂಕಿ ಬಿದ್ದು ಸಾವಿರಾರು ಟೇಪುಗಳು ಬೂದಿಯಾದವು. ಬಿಡುಗಡೆಯಾಗದ ಹಾಡುಗಳೇ ಅದರಲ್ಲಿ ಹೆಚ್ಚು. ಲಾವೆಟ್‌ಳ ಟೇಪು ಮಾತ್ರ ಉಳಿದಿತ್ತು. ಝೀಲ್ ಪೆತಾರ್ ಎಂಬ ಫ್ರೆಂಚ್ ಸಂಗ್ರಾಹಕ ಅದನ್ನು ಕಂಪನಿಯ ಸಂಗ್ರಹದಿಂದ ಹುಡುಕಿ ತೆಗೆಸಿ, ಹಕ್ಕು ಪಡೆದು, 2000ದಲ್ಲಿ ‘ಸುವೆನಿರ್ಸ್’ ಎಂಬ ಹೆಸರಿನಲ್ಲಿ ಫ್ರಾನ್ಸಿನಲ್ಲಿ ಹೊರತಂದ. ಇಪ್ಪತ್ತೆಂಟು ವರ್ಷಗಳ ಮೇಲೆ! ಅದನ್ನು ಕೇಳಿದವರು ಹಾಡಿದಾಕೆ ಎಲ್ಲಿದ್ದಾಳೆಂದು ವಿಚಾರಿಸಿದರು. 2003ರಲ್ಲಿ ಒಂದು, 2005ರಲ್ಲಿ ಮತ್ತೊಂದು ಹೊಸ ಆಲ್ಬಮ್ ಬಂತು. 2007ರದ್ದನ್ನು ಮುದ್ರಿಸಲು ಆಕೆ ಬೇಕೆಂದೇ ಮಸಲ್ ಶೋಲ್ಸ್‌ಗೆ ಮರಳಿದಳು. 1972ರಲ್ಲಿ ಬಾಸ್ ಗಿಟಾರ್ ನುಡಿಸಿದ್ದ ಡೇವಿಡ್ ಹುಡ್ ಈ ಬಾರಿಯೂ ನುಡಿಸಿದ. ಆತನ ಮಗನ ತಂಡವೇ ಪಕ್ಕವಾದ್ಯಕ್ಕೆ. ಆಲ್ಬಮ್ಮಿನ ಹೆಸರು ‘ದ ಸೀನ್ ಆಫ್ ದ ಕ್ರೈಮ್’, ಅಪರಾಧ ನಡೆದ ಸ್ಥಳ. ಆ ಕುಚೋದ್ಯಕ್ಕೆ ನಾನು ತಲೆದೂಗಿದೆ.

2009ರ ಜನವರಿ 18ರಂದು, ಬರಾಕ್ ಒಬಾಮಾ ಅಧ್ಯಕ್ಷ ಪದವಿ ಸ್ವೀಕರಿಸುವ ಎರಡು ದಿನ ಮೊದಲು, ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ಬೆಟ್ಟಿ ಲಾವೆಟ್ ಜಾನ್ ಬಾನ್ ಜೋವಿಯೊಂದಿಗೆ ನಿಂತು ಹಾಡಿದ್ದು ಸ್ಯಾಮ್ ಕುಕ್‌ನ ‘ಎ ಚೇಂಜ್ ಈಸ್ ಗಾನಾ ಕಮ್’. ಹಿಂಬದಿಗೆ ತಳ್ಳಿದ್ದ ಹಾಡು, ಕಪಾಟಿಗೆ ತಳ್ಳಿದ್ದ ಹಾಡುಗಾರ್ತಿ. ಆ ತಿಂಗಳು ಆಕೆಗೆ ಅರವತ್ತಮೂರು ತುಂಬಿತು.

ಕಾನೂನು ಎಚ್ಚತ್ತದ್ದು ಇನ್ನೂ ತಡವಾಗಿ. 1972ರ ಫೆಬ್ರವರಿ 15ಕ್ಕೆ ಮೊದಲು ಮುದ್ರಿತವಾದ ಧ್ವನಿಗೆ ಅಮೆರಿಕದ ಕೇಂದ್ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ರಕ್ಷಣೆಯೇ ಇರಲಿಲ್ಲ. ಎಂದರೆ ಸೋಲ್ ಸಂಗೀತದ ಸುವರ್ಣಯುಗವೆಲ್ಲ ಹೊರಗೆ! ಅಂತರ್ಜಾಲ ರೇಡಿಯೋಗಳು ಈ ಹಳೆಯ ಹಾಡುಗಳಿಗೂ ಗಾಯಕರ ಪಾಲು ಕೊಡಬೇಕೆಂದು ಕಾಯಿದೆ ಬಂದದ್ದು 2018ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ನಾನು ಮೇಲೆ ಹೆಸರಿಸಿದವರಲ್ಲಿ ಕುಕ್, ರೈಟ್, ಕಾರ್, ಟೇಟ್, ವಿಲ್ಸನ್ ಯಾರೂ ಉಳಿದಿರಲಿಲ್ಲ. ಹುಡುಕಾಟ ಈಗಲೂ ನಡೆದಿದೆ. ಮೆಂಫಿಸಿನ ಸ್ಟ್ಯಾಕ್ಸ್ ಕಂಪನಿಯ ಗೀತರಚನೆಕಾರರು ಹಾಡು ಒಪ್ಪಿಸಲು ತಾವೇ ಹಾಡಿ ಮುದ್ರಿಸಿದ್ದ ಕರಡು ಟೇಪುಗಳನ್ನು ಶೆರಿಲ್ ಪವೆಲ್‌ಸ್ಕಿ ಎಂಬ ಸಂಶೋಧಕಿ ವರ್ಷಗಟ್ಟಲೆ ಸೋಸಿ, 2023ರಲ್ಲಿ ಸಹೋದ್ಯೋಗಿಗಳೊಂದಿಗೆ ಏಳು ಸಿ.ಡಿ.ಗಳ ಸಂಪುಟವಾಗಿ ಹೊರತಂದಳು, 146 ಹಾಡುಗಳು. ಮರುವರ್ಷ ಅದಕ್ಕೆ ಗ್ರಾಮಿ ಪ್ರಶಸ್ತಿಯೂ ಬಂತು.

ಕೇಳುವ ಮನಸ್ಸಿದ್ದವರಿಗೆ ಎರಡು ಮಾತು. ಎಲ್ಲವೂ ಈಗ ಫೋನಿನಲ್ಲೇ ಸಿಗುತ್ತವೆ. ಕುಕ್‌ನ ಹಾರ್ಲೆಮ್ ಸ್ಕ್ವೇರ್ ಮುದ್ರಣವನ್ನು ‘ಬ್ರಿಂಗ್ ಇಟ್ ಆನ್ ಹೋಮ್ ಟು ಮಿ’ ಹಾಡಿನಿಂದ ಆರಂಭಿಸಿ. ಸಭೆ ಓಗೊಡುವುದನ್ನು ಗಮನಿಸಿ. ಕಾರ್‌ನ ಹಾಡನ್ನು ರಾತ್ರಿಯೇ ಕೇಳಬೇಕು. ಲಾವೆಟ್‌ಳ ‘ಲೆಟ್ ಮಿ ಡೌನ್ ಈಸಿ’ಯನ್ನು ಮೊದಲು 1965ರ ಮೂಲದಲ್ಲಿ, ಹತ್ತೊಂಬತ್ತರ ಹುಡುಗಿಯ ಕಂಠದಲ್ಲಿ ಕೇಳಿ. ಆಮೇಲೆ ಅರವತ್ತು ದಾಟಿದ ಮೇಲೆ ವೇದಿಕೆಯಲ್ಲಿ ಹಾಡಿದ್ದನ್ನು ಹುಡುಕಿ ಕೇಳಿ. ಲಯ ಅರ್ಧಕ್ಕಿಳಿದಿದೆ, ಧ್ವನಿ ಒಡೆದಿದೆ, ಮಾತು ಮಾತಿನ ನಡುವೆ ಉಸಿರು ನಿಲ್ಲುತ್ತದೆ. ಎರಡರಲ್ಲಿ ನಿಮಗೆ ಯಾವುದು ಹಿಡಿಸಿತೆಂದು ನನಗೆ ಬರೆದು ತಿಳಿಸಿ. ನನ್ನ ಮತ ಎರಡನೆಯದಕ್ಕೆ.